ಪಟ್ಟಿಯಲ್ಲಿ ಕಾಣದ ಕನ್ನಡ

ನಮ್ಮ ಸಂಘದ ಕಳೆದ ಸರ್ವಸಾಧಾರಣ ಸಭೆಯಲ್ಲಿ ಒಂದು ಸೂಚನೆ ಬಂದಿತು. ಬರುವ ವರ್ಷದಿಂದ ಆಮಂತ್ರಣ ಪತ್ರಿಕೆಗಳನ್ನೂ ಜಾಹೀರಾತು ಪುಟಗಳನ್ನೂ, ಸಾಧ್ಯವಾದರೆ ಈ ತ್ರೈಮಾಸಿಕದ ಮೊದಲ ಹದಿನಾರು ಪುಟಗಳನ್ನೂ ಇಂಗ್ಲಿಷಿನಲ್ಲಿಯೇ ಅಚ್ಚು ಮಾಡಿಸೋಣ ಎಂಬುದು ಆ ಸೂಚನೆ. ಅದಕ್ಕೆ ಕೊಟ್ಟ ಕಾರಣ ಒಂದೇ ಒಂದು: ‘ಇಲ್ಲಿಯ ಡಿಸೈನ್ ಆಫೀಸುಗಳಲ್ಲಿ ಕನ್ನಡದ ಫಾಂಟ್ ಹಾಕಿದರೂ ಕಾಣುವುದಿಲ್ಲ, ಕಂಡರೂ ಒಡೆದು ಬರುತ್ತದೆ.’ ಸಭೆಯು ಅದನ್ನು ತಳ್ಳಿಹಾಕಲಿಲ್ಲ, ಮುಂದಿನ ಸಭೆಗೆ ಮುಂದೂಡಿತು. ಕನ್ನಡ ಸಂಘವೊಂದು ಕನ್ನಡವನ್ನು ಬಿಡುವ ಮಾತನ್ನು ಚರ್ಚೆಗೆ ಯೋಗ್ಯವೆಂದು ಪರಿಗಣಿಸಿತಲ್ಲ ಎಂಬ ವ್ಯಥೆಗಿಂತ, ಅದಕ್ಕೆ ಕೊಟ್ಟ ಕಾರಣ ಸುಳ್ಳೆಂಬುದನ್ನು ಯಾರೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ನನಗೆ ಹೆಚ್ಚು. ಆ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ. (ಕೇಂದ್ರ ಸರಕಾರದ ಅಧಿಕಾರಿಯಾದ ನಾನು ಹೀಗೆ ಬರೆಯಬಹುದೇ ಎಂದು ಮಿತ್ರರೊಬ್ಬರು ಕೇಳಿದರು. ಶುದ್ಧ ಸಾಹಿತ್ಯಿಕ, ಕಲಾತ್ಮಕ ಮತ್ತು ವೈಜ್ಞಾನಿಕ ಬರಹಗಳಿಗೆ 1964ರ ನಡತೆ ನಿಯಮಗಳಲ್ಲಿ ವಿನಾಯಿತಿ ಇದೆ. ಇದು ಆ ಮೂರರಲ್ಲಿ ಯಾವುದೆಂಬುದನ್ನು ವಾಚಕರೇ ನಿರ್ಣಯಿಸಲಿ.)

ಈ ಸೂಚನೆಗೆ ಹಿನ್ನೆಲೆಯಾದ ಘಟನೆ ನಡೆದದ್ದು ಮಗರಪಟ್ಟಾದಲ್ಲಿ. ಪುಣೆಯವರಿಗೆ ಈ ಊರನ್ನು ಪರಿಚಯಿಸಬೇಕಾಗಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು. ಹಡಪಸರದ ಮಗರ ಮನೆತನದ ಹಾಗೂ ಅವರ ನೆರೆಹೊರೆಯ 100ಕ್ಕೂ ಹೆಚ್ಚು ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆ ಭೂಮಿಯನ್ನು ಮಾರಿಕೊಳ್ಳದೆ, ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ 2000ನೆಯ ಇಸವಿಯ ಸುಮಾರಿಗೆ ಕಟ್ಟತೊಡಗಿದ ಪಟ್ಟಣವಿದು. ಕಬ್ಬಿನ ಗದ್ದೆ ಇದ್ದಲ್ಲಿ ಈಗ ಗಾಜಿನ ಗೋಪುರಗಳಿವೆ. ಅವುಗಳಲ್ಲಿ ದುಡಿಯುವ ಎಂಜಿನಿಯರುಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರು ಹೇರಳ. ನಮ್ಮ ಸಂಘದ ಹೊಸ ಸದಸ್ಯರಲ್ಲಿ ಬಹುಪಾಲು ಅವರೇ. ಹೀಗಾಗಿ ರಾಜ್ಯೋತ್ಸವದ ಆಮಂತ್ರಣವನ್ನು ಅಲ್ಲಿಯೇ ಒಂದು ಸಣ್ಣ ಡಿಸೈನ್ ಆಫೀಸಿಗೆ ಒಪ್ಪಿಸಲಾಯಿತು. ಕೆಲಸ ಮಾಡಿದವನು ಒಬ್ಬ ಮರಾಠಿ ಯುವಕ, ಶ್ರದ್ಧಾವಂತ, ವಿನಯವಂತ. ಐದು ಕನ್ನಡ ಫಾಂಟುಗಳನ್ನು ನಾವು ಕೊಟ್ಟೆವು. ಅವನು ಅವನ್ನು ಗಣಕಕ್ಕೆ ಹಾಕಿದ. ಗಣಕದ ಫಾಂಟುಗಳ ಕೋಶದಲ್ಲಿ ಐದೂ ಕಾಣುತ್ತಿದ್ದವು. ಆದರೆ ವಿನ್ಯಾಸದ ತಂತ್ರಾಂಶವನ್ನು ತೆರೆದು ನೋಡಿದರೆ ಅದರ ಪಟ್ಟಿಯಲ್ಲಿ ಒಂದರ ಹೆಸರೂ ಇಲ್ಲ. ‘ಕಾಕಾ, ಫಾಂಟ್ ಆಹೇ, ಪಣ ದಿಸತ ನಾಹೀ’ ಎಂದ. ಗಣಕವನ್ನು ಮೂರು ಸಲ ಮುಚ್ಚಿ ತೆರೆದದ್ದಾಯಿತು, ಫಾಂಟುಗಳನ್ನು ತೆಗೆದು ಮತ್ತೆ ಹಾಕಿದ್ದಾಯಿತು. ಮೂರು ದಿನ ಕಳೆದವು. ಕೊನೆಗೆ ಬೇರೆ ಯಾವುದೋ ಫಾಂಟಿನಲ್ಲಿ ಅಚ್ಚಾದ ಆಮಂತ್ರಣದಲ್ಲಿ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಆಗಿಯೂ ‘ಸಮ್ಮೇಳನ’ವು ‘ಸಮ್‌ಮೇಳನ’ವಾಗಿಯೂ ಹೊರಬಂದವು. ಕನ್ನಡ ಬಲ್ಲ ಮಹನೀಯರು ನಕ್ಕರು. ಮೇಲೆ ಹೇಳಿದ ಸೂಚನೆ ಹುಟ್ಟಿತು.

ಆ ಹುಡುಗನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕನ್ನಡದ ತಪ್ಪಂತೂ ಮೊದಲೇ ಇಲ್ಲ. ಐದು ಫಾಂಟುಗಳು ಕಾಣದೆ ಹೋದುದಕ್ಕೆ ಬೇರೆ ಬೇರೆ ಕಾರಣಗಳಿದ್ದವು. ಅವೆಲ್ಲ ಎಲ್ಲರಿಗೂ ತಿಳಿಯಬಹುದಾದ, ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದ ಸಂಗತಿಗಳು. ಒಂದೊಂದಾಗಿ ಹೇಳುತ್ತೇನೆ, ವಾಚಕರು ಬೇಸರಿಸಬಾರದು, ಏಕೆಂದರೆ ನಾಳೆ ಸೊಲ್ಲಾಪುರದಲ್ಲಿಯೋ ವಡೋದರೆಯಲ್ಲಿಯೋ ನಿಮ್ಮ ಮುಂದೆಯೇ ಇದೇ ಮಾತು ಬಂದೀತು.

ವಿಂಡೋಸ್ 10ರಲ್ಲಿ 2018ರಿಂದೀಚೆಗೆ ಒಂದು ಮಾರ್ಪಾಡಾಯಿತು. ಫಾಂಟಿನ ಕಡತದ ಮೇಲೆ ಬಲಗುಂಡಿ ಒತ್ತಿ ಬರಿದೇ ‘ಇನ್‌ಸ್ಟಾಲ್’ ಎಂದರೆ ಆ ಫಾಂಟು ಆ ಹೊತ್ತು ಗಣಕವನ್ನು ಬಳಸುತ್ತಿರುವವನೊಬ್ಬನ ಖಾಸಗಿ ಕೋಶಕ್ಕೆ ಮಾತ್ರ ಹೋಗುತ್ತದೆ. ಎಲ್ಲರಿಗೂ ಸೇರಿದ ಸಾರ್ವಜನಿಕ ಕೋಶಕ್ಕೆ ಹೋಗುವುದಿಲ್ಲ. ಈ ಬದಲಾವಣೆಗಿಂತ ಮೊದಲು ಬರೆದ ಅನೇಕ ವಿನ್ಯಾಸ ತಂತ್ರಾಂಶಗಳು ಸಾರ್ವಜನಿಕ ಕೋಶವನ್ನಷ್ಟೇ ನೋಡುತ್ತವೆ. ಅತಿಥಿ ಒಳಮನೆಯಲ್ಲಿ ಕೂತಿದ್ದಾನೆ, ಇವು ಪಡಸಾಲೆಯಲ್ಲಿ ಹುಡುಕುತ್ತಿವೆ. ಅದೇ ಪಟ್ಟಿಯಲ್ಲಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬ ಇನ್ನೊಂದು ಸಾಲಿದೆ. ಅದನ್ನು ಆರಿಸಿದರೆ ತೊಡಕು ಮುಗಿಯಿತು. ನಮ್ಮ ಐದರಲ್ಲಿ ಮೂರು ಫಾಂಟುಗಳ ಕಥೆ ಇಷ್ಟೇ.

ಉಳಿದ ಎರಡು ಹಳೆಯ ಟೈಪ್ 1 ಜಾತಿಯವು. ಅಡೋಬಿ ಸಂಸ್ಥೆಯು 1980ರ ದಶಕದಲ್ಲಿ ಪೋಸ್ಟ್‌ಸ್ಕ್ರಿಪ್ಟಿನ ಜೊತೆಗೆ ತಂದ ಈ ಜಾತಿಯ ಫಾಂಟುಗಳಿಗೆ ಅದೇ ಸಂಸ್ಥೆಯು ಬೆಂಬಲವನ್ನು ಹಿಂತೆಗೆದುಕೊಂಡಿದೆ: ಫೋಟೋಶಾಪಿನಲ್ಲಿ 2021ರಲ್ಲಿ, ಇನ್‌ಡಿಸೈನ್ ಮತ್ತು ಇಲ್ಲಸ್ಟ್ರೇಟರ್ ಮುಂತಾದವುಗಳಲ್ಲಿ 2023ರ ಜನವರಿಯಲ್ಲಿ. ಅಂದಿನಿಂದ ಅವು ಗಣಕದಲ್ಲಿ ಎಷ್ಟು ಭದ್ರವಾಗಿ ಕೂತಿದ್ದರೂ ಈ ತಂತ್ರಾಂಶಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಇದು ಕನ್ನಡಕ್ಕೆ ಮಾಡಿದ ಅನ್ಯಾಯವೇನೂ ಅಲ್ಲ. ಇಂಗ್ಲಿಷಿನ, ಫ್ರೆಂಚಿನ ಸಾವಿರಾರು ಫಾಂಟುಗಳಿಗೂ ಅದೇ ಗತಿಯಾಯಿತು. ಅವರು ಹೊಸ ಓಪನ್‌ಟೈಪ್ ಪ್ರತಿಗಳನ್ನು ತಂದುಕೊಂಡು ಮುಂದೆ ಹೋದರು. ನಾವು ಮಾತ್ರ 1990ರ ದಶಕದ ತಟ್ಟೆಗಳನ್ನು ಬೀರುವಿನಿಂದ ತೆಗೆದುಕೊಟ್ಟು, ಕಾಣುವುದಿಲ್ಲವೆಂದು ಕನ್ನಡವನ್ನು ಶಪಿಸಿದೆವು.

ಇನ್ನು ‘ಸ್‌ತ್‌ರೀ’ಯ ಮಾತು. ಇದು ಫಾಂಟಿನ ದೋಷವಲ್ಲ, ತಂತ್ರಾಂಶದಲ್ಲಿ ಒಂದು ಗುಂಡಿ ಒತ್ತದೆ ಬಿಟ್ಟುದರ ಫಲ. ಕನ್ನಡದ ಒತ್ತಕ್ಷರವು ಯುನಿಕೋಡಿನಲ್ಲಿ ಸಿದ್ಧ ಅಚ್ಚಾಗಿ ಇರುವುದಿಲ್ಲ. ‘ಸ’, ವಿರಾಮಚಿಹ್ನೆ, ‘ತ’, ಮತ್ತೆ ವಿರಾಮ, ‘ರ’, ‘ಈ’ಕಾರ ಎಂಬ ಕ್ರಮದಲ್ಲಿ ಕಡತವು ಹೇಳುತ್ತದೆ; ಅದನ್ನು ಓದಿ, ತ ಮತ್ತು ರಗಳನ್ನು ಕೆಳಗಿಳಿಸಿ, ಗುಡಿಸನ್ನೂ ದೀರ್ಘವನ್ನೂ ಸೇರಿಸಿ ‘ಸ್ತ್ರೀ’ ಎಂದು ತೋರಿಸುವ ಹೊಣೆ ಫಾಂಟಿನೊಳಗಿನ ನಿಯಮಗಳದ್ದು ಮತ್ತು ಅವನ್ನು ಜಾರಿ ಮಾಡುವ ತಂತ್ರಾಂಶದ್ದು. ಇನ್‌ಡಿಸೈನಿನಲ್ಲಿ ಈ ಕೆಲಸಕ್ಕೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಬೇರೆಯೇ ಜೋಡಣೆಗಾರನಿದ್ದಾನೆ. ರೋಮನ್ ಲಿಪಿಗಾಗಿ ಇರುವ ಸಾಮಾನ್ಯ ಜೋಡಣೆಗಾರನಿಗೆ ನಮ್ಮ ಒತ್ತು ತಿಳಿಯದು. ಪ್ಯಾರಾಗ್ರಾಫ್ ಪಟ್ಟಿಯಲ್ಲಿ ಹೋಗಿ ಮೊದಲನೆಯವನನ್ನು ಆರಿಸಿಕೊಳ್ಳಬೇಕು. ಫೋಟೋಶಾಪಿನಲ್ಲಿಯೂ ಇಂಥದೇ ಆಯ್ಕೆ ಇದೆ. 2012ರ ಸಿಎಸ್6 ಆವೃತ್ತಿಯಿಂದಲೇ ಇನ್‌ಡಿಸೈನು ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳನ್ನು ಒಪ್ಪಿಕೊಂಡಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಒಬ್ಬ ಡಿಸೈನರನ ಬಳಿ ಕೂತು ಈ ಒಂದು ಮಾತನ್ನು ಹೇಳಿದ್ದೇವೆ? ಆ ಮರಾಠಿ ಹುಡುಗನಿಗೆ ನಮ್ಮ ಯುವ ಸದಸ್ಯೆಯೊಬ್ಬಳು ಹೋಗಿ ಇದನ್ನು ತೋರಿಸಿದ ಮೇಲೆ ಅವನು ಹತ್ತು ನಿಮಿಷದಲ್ಲಿ ಇಡೀ ಆಮಂತ್ರಣವನ್ನು ಸರಿಪಡಿಸಿದ. ಅಷ್ಟರಲ್ಲಿ ಹಳೆಯದು ಹಂಚಿ ಹೋಗಿತ್ತು.

ಇಷ್ಟೇ ಆಗಿದ್ದರೆ ನಾನು ಸಂಪಾದಕರಿಗೆ ಅರ್ಧ ಪುಟದ ಕಾಗದ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಪಟ್ಟಿಯಲ್ಲಿ ಕಾಣದ ಫಾಂಟು ರೋಗದ ಹೊರಲಕ್ಷಣ. ರೋಗ ಇರುವುದು ನಾವು ಬರೆದದ್ದನ್ನು ಗಣಕಗಳಲ್ಲಿ ಕೂಡಿಟ್ಟಿರುವ ರೀತಿಯಲ್ಲಿ.

ಮೊದಲ ತಲೆಮಾರಿನ ಕನ್ನಡ ತಂತ್ರಾಂಶಗಳು ಒಂದು ಜಾಣ ಉಪಾಯವನ್ನು ಹೂಡಿದವು. ಆಗಿನ ಗಣಕಕ್ಕೆ ತಿಳಿಯುತ್ತಿದ್ದುದು 256 ಮನೆಗಳ ಒಂದು ಚೌಕಟ್ಟು ಮಾತ್ರ. ಅದರಲ್ಲಿ ತುಂಬಿದ್ದುದು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳು. ನಮ್ಮವರು ಆ ಅಕ್ಷರಗಳ ಚಿತ್ರಗಳನ್ನು ಅಳಿಸಿ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದರು: ಒಂದು ಮನೆಯಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಒಂದರಲ್ಲಿ ಒತ್ತು. ಗಣಕವು ಅದನ್ನು ಇಂಗ್ಲಿಷೆಂದೇ ತಿಳಿಯಿತು. ಕಣ್ಣಿಗೆ ಮಾತ್ರ ಕನ್ನಡ ಕಂಡಿತು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದು ನೋಡಿ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟುಳ್ಳ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಅದೇ ಎ — ಈ ಏಳು ಗುರುತುಗಳು ಕಾಣುತ್ತವೆ. ಕಡತದಲ್ಲಿ ಇರುವುದು ಅಷ್ಟೇ. ಕನ್ನಡವು ಕಡತದಲ್ಲಿ ಇರಲೇ ಇಲ್ಲ, ಫಾಂಟಿನಲ್ಲಿ ಇತ್ತು. ಫಾಂಟು ಹೋದರೆ ಕನ್ನಡ ಹೋಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವು ತಮ್ಮ ತಮ್ಮ ಮನೆಗಳನ್ನು ತಮ್ಮ ತಮ್ಮ ಕ್ರಮದಲ್ಲಿ ಜೋಡಿಸಿಕೊಂಡಿದ್ದವು. ಆದ್ದರಿಂದ ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ.

ಆ ತಂತ್ರಾಂಶಗಳನ್ನು ಕಟ್ಟಿದವರನ್ನು ಹಳಿಯುವ ಕೃತಘ್ನತೆ ನನಗಿಲ್ಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಮೊಳೆ ಜೋಡಿಸುವವರ ಕಪ್ಪು ಬೆರಳುಗಳನ್ನು ನೋಡಿದವನು ನಾನು. ಅವರ ಪೆಟ್ಟಿಗೆಯಲ್ಲಿ ‘ಜ್ಞಾ’ದ ಮೊಳೆ ತೀರಿದರೆ ಸಂಚಿಕೆ ಎರಡು ದಿನ ತಡ. ಆ ಕಷ್ಟದಿಂದ ಕನ್ನಡವನ್ನು ಗಣಕಕ್ಕೆ ತಂದವರು ದೊಡ್ಡ ಉಪಕಾರ ಮಾಡಿದ್ದಾರೆ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ — ಇವಿಲ್ಲದಿದ್ದರೆ ಹೊರನಾಡ ಪತ್ರಿಕೆಗಳು ಅಂದೇ ನಿಂತುಹೋಗುತ್ತಿದ್ದವು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕಾದಂಬರಿ ಬರೆಯುವುದನ್ನು ಬಿಟ್ಟು ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದು ಸುಮ್ಮನೆ ಅಲ್ಲ. ನನ್ನ ತಕರಾರು ಆ ಉಪಾಯದ ಮೇಲಲ್ಲ. ಉಪಾಯದ ಅಗತ್ಯ ತೀರಿದ ಮೇಲೂ ಅದನ್ನೇ ಹಿಡಿದು ಕೂತವರ ಮೇಲೆ.

ಅಗತ್ಯ ತೀರಿ ಎಷ್ಟು ಕಾಲವಾಯಿತು ನೋಡಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟಿನ ಸಂಕೇತವನ್ನು ಇಸ್ಕಿ ಎಂಬ ಹೆಸರಿನಲ್ಲಿ ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಪ್ರಕಟಿಸಿತು. ಅದೇ ವರ್ಷ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ದೊರೆಯಿತು. ಅಲ್ಲಿ ‘ಕ’ ಎಂದರೆ ‘ಕ’, ಜಗತ್ತಿನ ಯಾವ ಗಣಕದಲ್ಲಾದರೂ. ಫಾಂಟು ಅದರ ಮೇಲಿನ ಅಂಗಿ ಮಾತ್ರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಗಣಕದ ಜೊತೆಗೇ ಬಂದಿತು. 2009ರಲ್ಲಿ ಕೇಂದ್ರ ಸರಕಾರವು ಇ-ಆಡಳಿತಕ್ಕಾಗಿ ಎಲ್ಲ ಭಾರತೀಯ ಭಾಷೆಗಳಿಗೂ ಯುನಿಕೋಡನ್ನೇ ಶಿಷ್ಟತೆಯೆಂದು ಘೋಷಿಸಿತು. ನನ್ನ ಕಚೇರಿಯಲ್ಲಿ ಹಿಂದಿಯ ಪತ್ರವ್ಯವಹಾರವೆಲ್ಲ ಅದರಲ್ಲಿಯೇ ನಡೆಯುತ್ತದೆ. ಪ್ರತಿ ಸೆಪ್ಟೆಂಬರಿನಲ್ಲಿ ಹಿಂದಿ ಪಖವಾಡಾ ನಡೆದಾಗ ನಮ್ಮ ಕನ್ನಡ ಮಿತ್ರರು ಹಿಂದಿಯ ಹಿಂದೆ ಸರಕಾರದ ಬಲವಿದೆಯೆಂದು ಗೊಣಗುತ್ತಾರೆ. ಬಲವಿದೆ, ನಿಜ. ಆದರೆ ಅಕ್ಷರಸಂಕೇತದ ವಿಷಯದಲ್ಲಿ ಹಿಂದಿಗೆ ಕೊಟ್ಟ ಬಾಗಿಲನ್ನೇ ಕನ್ನಡಕ್ಕೂ ತೆರೆದಿಟ್ಟಿದೆ. ಒಳಗೆ ಹೋಗದೆ ನಿಂತವರು ನಾವು.

ಪುಣೆಯಲ್ಲಿ ಕೂತು ಇದನ್ನು ಬರೆಯುವಾಗ ಇನ್ನೊಂದು ವಿಪರ್ಯಾಸ ಕಾಣುತ್ತದೆ. ಐಐಟಿ ಕಾನ್ಪುರದಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿ ಭಾರತೀಯ ಲಿಪಿಗಳನ್ನೆಲ್ಲ ಗಣಕದ ಪರದೆಗೆ ತಂದ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರಸ್ಥಾನ ಇದೇ ಊರು. ಕರ್ನಾಟಕದ ಎಷ್ಟೋ ಅಚ್ಚುಕೂಟಗಳಲ್ಲಿ ಬಳಕೆಯಾದ ಶ್ರೀಲಿಪಿಯನ್ನು ಹೊರತಂದ ಮಾಡ್ಯುಲರ್ ಇನ್ಫೋಟೆಕ್ ಕೂಡ ಇದೇ ಊರಿನದು. ಕನ್ನಡದ ಅಕ್ಷರಗಳು ಒಂದು ಕಾಲಕ್ಕೆ ಪುಣೆಯಿಂದ ಬೆಂಗಳೂರಿಗೆ ಹೋಗುತ್ತಿದ್ದವು. ಈಗ ಪುಣೆಯ ಕನ್ನಡ ಸಂಘವು ಇಲ್ಲಿ ಕನ್ನಡ ಅಚ್ಚಾಗದು ಎನ್ನುತ್ತಿದೆ.

ನಷ್ಟವೇನೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 1990ರ ದಶಕದ ಉತ್ತರಾರ್ಧದಲ್ಲಿ ಈ ಪತ್ರಿಕೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಲೇಖನಮಾಲೆಯನ್ನು ಬರೆದರು. ವಿಜಾಪುರದ ಬರಗಾಲಕ್ಕೆ ಊರು ಬಿಟ್ಟವರು, ಸೊಲ್ಲಾಪುರದ ಗಿರಣಿಗಳಿಂದ ಇತ್ತ ಬಂದವರು, ಪುಣೆಯ ಕಾರಖಾನೆಗಳಲ್ಲಿ ಸೇರಿಕೊಂಡ ಕನ್ನಡ ಕಾರ್ಮಿಕರು — ಇವರ ಬಾಯಿಂದ ಕೇಳಿ ಬರೆದ ನೆನಪುಗಳವು. ಅಂಥ ಬರಹ ಇನ್ನೆಲ್ಲಿಯೂ ಇಲ್ಲ. ಹೇಳಿದವರೂ ಈಗ ಇಲ್ಲ, ಬರೆದವರೂ ಇಲ್ಲ. ಎರಡು ವರ್ಷದ ಹಿಂದೆ ಅವರ ಮಗಳು ಬಂದು, ತಂದೆಯ ಬರಹವನ್ನು ಪುಸ್ತಕವಾಗಿ ತರಬೇಕೆಂದು ಕೇಳಿದರು. ಅಚ್ಚಿನ ಪ್ರತಿಗಳಲ್ಲಿ ಎರಡು ಸಂಚಿಕೆ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅವುಗಳ ಕಡತಗಳು ಒಂದು ಫ್ಲಾಪಿಯಲ್ಲಿ ಸಿಕ್ಕಿದವು. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ; ಅದನ್ನು ನಡೆಸುವ ಹಳೆಯ ಗಣಕವೊಂದನ್ನು ಹೇಗೋ ಹೊಂದಿಸಿ ತೆರೆದರೆ, ಪುಟಗಳ ತುಂಬ ಪೌಂಡಿನ ಗುರುತು, ಜರ್ಮನರ ಎಸ್. ಬಳಸಿದ ಫಾಂಟು ಯಾವುದೆಂಬುದು ಹೆಸರಿನಿಂದ ತಿಳಿಯಿತು, ಆದರೆ ಅದರ ಬೀಗದ ಕೀಲಿಯಂತಿದ್ದ ಡಾಂಗಲ್ ಎಂದೋ ಕಳೆದುಹೋಗಿತ್ತು. ಆ ತಂದೆಯ ಮಾತು ನಮ್ಮ ಕಣ್ಣ ಮುಂದೆಯೇ ಇತ್ತು, ಓದಲು ಮಾತ್ರ ಬರಲಿಲ್ಲ.

ಅದನ್ನು ಬಿಡಿಸಿದವರು ಮಗರಪಟ್ಟಾದ ನಾಲ್ವರು ಯುವಕ ಯುವತಿಯರು. ಅವರ ಉಪಾಯ ಸರಳ. ಅಚ್ಚಿನಲ್ಲಿ ಉಳಿದಿದ್ದ ಸಂಚಿಕೆಯೊಂದರ ಕಡತವನ್ನೂ ಅಚ್ಚಾದ ಪುಟವನ್ನೂ ಎದುರುಬದುರು ಇಟ್ಟು, ಯಾವ ಗುರುತಿಗೆ ಯಾವ ತುಂಡು ಎಂದು ಒಂದೊಂದನ್ನೇ ಬರೆಯುತ್ತ ಹೋದರು; ಭಾನುವಾರಗಳ ಬೆಳಗ್ಗೆ ಕೂತು ಪಟ್ಟಿ ಮಾಡಿದರು. ಕೇಳಲು ಸುಲಭ, ಮಾಡಲು ಅಲ್ಲ. ಹಳೆಯ ಸಂಕೇತಗಳಲ್ಲಿ ಅಕ್ಷರವು ಉಚ್ಚಾರದ ಕ್ರಮದಲ್ಲಿ ಇರುವುದಿಲ್ಲ, ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ. ‘ಧರ್ಮ’ದ ಅರ್ಕಾವತ್ತು ‘ಮ’ದ ನಂತರ ಬರುತ್ತದೆ, ಯುನಿಕೋಡಿಗೆ ತರುವಾಗ ಅದನ್ನು ‘ಮ’ದ ಹಿಂದಕ್ಕೆ ಸರಿಸಬೇಕು. ಇನ್ನೂ ಸೋಜಿಗದ ಸಂಗತಿಯೊಂದಿದೆ. ನುಡಿಯ ಸಂಕೇತದಲ್ಲಿ ‘ಮ’ ಎಂಬುದಕ್ಕೆ ಸ್ವಂತ ಮನೆಯೇ ಇಲ್ಲ. ‘ವ’ಕ್ಕೆ ‘ಕು’ ಎಂಬಲ್ಲಿನ ಕೊಂಬನ್ನು ಅಂಟಿಸಿದರೆ ‘ಮ’. ‘ವು’ ಬರೆಯಬೇಕಾದರೆ ಬೇರೆಯೇ ಒಂದು ಕೊಂಬು. ಕಣ್ಣಿಗೆ ಎರಡೂ ಕೊಂಬುಗಳೇ, ಗಣಕಕ್ಕೆ ಮಾತ್ರ ಭೂಮಿ ಆಕಾಶದ ಅಂತರ. ನಮ್ಮ ಹುಡುಗರ ಕೈಗೆ ಸಿಕ್ಕ ಫಾಂಟಿನಲ್ಲಿಯೂ ಇಂಥವೇ ಜೋಡಣೆಗಳಿದ್ದವು. ಅವುಗಳ ಒಂದೊಂದು ಗಂಟನ್ನು ಬಿಚ್ಚಿ ಕೊನೆಗೆ ಆ ಎರಡು ಕಂತುಗಳನ್ನು ಓದುವಂತೆ ಮಾಡಿದರು. ಕೆಲವು ಶಬ್ದಗಳು ಇನ್ನೂ ಸಂದೇಹದಲ್ಲಿವೆ.

ಈಗ ಸೂಚನೆಯ ಪರವಾಗಿರುವವರ ವಾದಗಳಿಗೆ ಬರುತ್ತೇನೆ. ‘ಬೆಂಗಳೂರಿನಲ್ಲಿ ಅಕ್ಷರ ಜೋಡಿಸಿ ಪಿಡಿಎಫ್ ತರಿಸಿಕೊಂಡರೆ ಸಾಕಲ್ಲ’ ಎನ್ನುವವರಿದ್ದಾರೆ. ಹಾಗೆ ತರಿಸಿದ ಪಿಡಿಎಫುಗಳಲ್ಲಿ ಹಳೆಯ ಸಂಕೇತದವೇ ಎಷ್ಟೋ. ಅವುಗಳಲ್ಲಿ ಒಂದು ಶಬ್ದವನ್ನು ಹುಡುಕಿ ನೋಡಿ, ಸಿಗುವುದಿಲ್ಲ. ಒಂದು ಪ್ಯಾರಾವನ್ನು ನಕಲು ಮಾಡಿ ಮಗನಿಗೆ ಕಳುಹಿಸಿ ನೋಡಿ, ಪೌಂಡುಗಳು ಹೋಗುತ್ತವೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವು ಅದನ್ನು ಏನೆಂದು ಓದೀತು? ಅದು ಕನ್ನಡದ ಪುಟವಲ್ಲ, ಕನ್ನಡದ ಪುಟದ ಛಾಯಾಚಿತ್ರ. ಅಲ್ಲದೆ ಬೆಂಗಳೂರೆಂದರೆ ಎಲ್ಲ ಸರಿಯಿದೆಯೆಂಬ ಭ್ರಮೆ ಹೊರನಾಡಿನವರಾದ ನಮಗೇ ಹೆಚ್ಚು. ಒಳನಾಡಿನ ಪ್ರಕಾಶಕರಲ್ಲಿ ಇಂದಿಗೂ ಹಳೆಯ ಸಂಕೇತದಲ್ಲಿಯೇ ಪುಸ್ತಕ ಜೋಡಿಸುವವರಿದ್ದಾರೆ. ‘ಯುನಿಕೋಡಿನಲ್ಲಿ ಅಕ್ಷರ ಚೆನ್ನಾಗಿ ಕಾಣುವುದಿಲ್ಲ’ ಎಂಬುದು ಅವರ ಹಳೆಯ ಹಾಡು. ಹಾಡು ಹುಟ್ಟಿದಾಗ ಅದರಲ್ಲಿ ಸ್ವಲ್ಪ ನಿಜವಿತ್ತು. ತುಂಗಾದ ಸಣಕಲು ಗೆರೆಯಲ್ಲಿ ಪುಸ್ತಕ ಓದಲು ಯಾರಿಗೆ ಮನಸ್ಸಾದೀತು? ಆದರೆ ಇಂದು ನೋಟೋ ಇದೆ, ಏಕ್ ಟೈಪಿನವರು ರೂಪಿಸಿದ ಬಲೂ ತಮ್ಮ ಮತ್ತು ಅನೇಕ್ ಕನ್ನಡ ಇವೆ, ಅಕಾಯ ಕನಡಕ ಇದೆ, ತೀರೋ ಕನ್ನಡ ಇದೆ, ಗುಬ್ಬಿ ಮತ್ತು ನವಿಲು ಇವೆ. ಎಲ್ಲವೂ ಮುಕ್ತ ಪರವಾನಗಿಯವು. ಒಂದು ಪೈಸೆ ಕೊಡಬೇಕಾಗಿಲ್ಲ, ಡಾಂಗಲ್ ಇಲ್ಲ.

ಯುನಿಕೋಡು ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ಹಳಗನ್ನಡದ ‘ೞ’ಕಾರಕ್ಕೆ ಅದರಲ್ಲಿ ಇಟ್ಟಿರುವ ಅಧಿಕೃತ ಹೆಸರು ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪೆಂದು ಅವರೇ ಟಿಪ್ಪಣಿ ಹಾಕಿಕೊಂಡು ಹಾಗೆಯೇ ಉಳಿಸಿದ್ದಾರೆ. ಪಂಪ ರನ್ನರ ಅಕ್ಷರಕ್ಕೆ ಇಂಥ ಹೆಸರು ಬೀಳುವಾಗ ತಡೆಯಲು ನಮ್ಮವರು ಯಾರೂ ಇರಲಿಲ್ಲವೆಂಬುದು ನನಗೆ ನೋವಿನ ವಿಷಯ. ಆದರೆ ಹೋಗಿ ಕೇಳಿದರೆ ಕೊಡುತ್ತಾರೆಂಬುದಕ್ಕೂ ಸಾಕ್ಷಿಯಿದೆ: ಹಳೆಯ ನಕಾರಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ‘ರ‍್ಯಾಂಕ್’ ಮತ್ತು ‘ರಾಜ್‌ಕುಮಾರ್’ ಎಂದು ಸರಿಯಾಗಿ ಬರೆಯಲು ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನು ಕಲಿಯಬೇಕಾಗುತ್ತದೆ, ಅದೂ ನಿಜ. ಒಂದು ಮಧ್ಯಾಹ್ನ ಸಾಕು.

ಯಂತ್ರಕ್ಕೆ ಒಗ್ಗದ ಲಿಪಿಗೆ ಏನಾಗುತ್ತದೆಂಬುದನ್ನು ಅರಿಯಲು ಪುಣೆಯವರು ದೂರ ಹೋಗಬೇಕಾಗಿಲ್ಲ. ಇಲ್ಲಿಯ ಪೇಶವೆ ದಫ್ತರದಲ್ಲಿ ಮೋಡಿ ಲಿಪಿಯ ಲಕ್ಷಾಂತರ ಕಾಗದಪತ್ರಗಳಿವೆ. ಒಂದು ಸಾಮ್ರಾಜ್ಯದ ಲೆಕ್ಕಪತ್ರ, ತಕರಾರು, ತೀರ್ಪುಗಳೆಲ್ಲ ಅದರಲ್ಲಿವೆ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಊರುಗಳ ಹಳೆಯ ದಾಖಲೆಗಳೂ ಅದೇ ಲಿಪಿಯವು. ಕೈ ಎತ್ತದೆ ಓಡುತ್ತ ಬರೆಯುವ ಆ ಲಿಪಿಯನ್ನು ಮೊಳೆಗಳಲ್ಲಿ ಜೋಡಿಸುವುದು ಕಷ್ಟವೆಂದು ಅಚ್ಚಿನವರು ಬಾಳಬೋಧ ಲಿಪಿಯನ್ನು, ಅಂದರೆ ದೇವನಾಗರಿಯನ್ನು ಹಿಡಿದರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಶಾಲೆಯಿಂದಲೂ ಕಚೇರಿಯಿಂದಲೂ ಮೋಡಿ ಮರೆಯಾಯಿತು. ಇಂದು ಅಜ್ಜನ ಜಮೀನಿನ ಕಾಗದ ಓದಿಸಲು ಮೊಮ್ಮಗ ಬಲ್ಲವರನ್ನು ಹುಡುಕಿ ಹಣ ಕೊಡಬೇಕು. ಮೋಡಿಗೂ 2014ರಲ್ಲಿ ಯುನಿಕೋಡಿನಲ್ಲಿ ಮನೆ ದೊರೆಯಿತು. ಓದುವವರು ಮುಗಿಯುತ್ತ ಬಂದ ಮೇಲೆ. ಕನ್ನಡಕ್ಕೆ 1991ರಲ್ಲಿಯೇ ಮನೆ ಸಿಕ್ಕಿದೆ. ಆರು ಕೋಟಿಗೆ ಸಮೀಪದ ಓದುವ, ಆಡುವ ಜನರಿದ್ದಾರೆ.

ಇನ್ನೂ ಒಂದು ವಾದವುಂಟು, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ‘ಹೊಸ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿದ್ದರೆ ಅವರಾದರೂ ಬಂದಾರು.’ ಈ ಹುಡುಗರು ಯಾರು? ಸತ್ತ ಫಾಂಟಿನಿಂದ ತಮಗೆ ಪರಿಚಯವೇ ಇಲ್ಲದ ಹಿರಿಯರ ಮಾತನ್ನು ಭಾನುವಾರ ಭಾನುವಾರ ಕೂತು ಬಿಡಿಸಿದವರೇ ಅವರು. ಅವರಲ್ಲಿ ಒಬ್ಬಳು ಪುಣೆಯಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಓದುವುದನ್ನು ಕಲಿತದ್ದೇ ಈ ಕೆಲಸಕ್ಕಾಗಿ. ತನ್ನ ಮೊಬೈಲಿನಲ್ಲಿ ಅಜ್ಜಿಗೆ ಕನ್ನಡದಲ್ಲಿ ಸಂದೇಶ ಬರೆಯುತ್ತ ಬಂದವಳಿಗೆ ಕನ್ನಡ ಕಾಣದ ಗಣಕವೆಂಬುದೇ ವಿಚಿತ್ರವೆನಿಸಿತ್ತು. ಆಕೆಗೆ ಇಂಗ್ಲಿಷ್ ಆಮಂತ್ರಣ ಕಳುಹಿಸಿ ಉಪಕಾರ ಮಾಡಿದೆವೆಂದು ಸಮಿತಿಯವರು ತಿಳಿದಿದ್ದರೆ ಅವರಿಗೆ ನನ್ನ ನಮಸ್ಕಾರ.

ರಾಜ್ಯೋತ್ಸವದ ದಿನ ಬಾವುಟ, ಭುವನೇಶ್ವರಿಯ ಚಿತ್ರ, ಬೆಂಗಳೂರಿನಿಂದ ಕರೆಸಿದ ಗಾಯಕರ ವಿಮಾನ ದರ, ಊಟ — ಇವಕ್ಕೆ ನಾವು ಎಷ್ಟು ಖರ್ಚು ಮಾಡುತ್ತೇವೆಂಬುದು ಲೆಕ್ಕಪತ್ರದಲ್ಲಿದೆ. ನಾನು ಊಟಕ್ಕೆ ಅಡ್ಡಿ ಮಾಡುವವನಲ್ಲ. ಅದರ ಹತ್ತನೆಯ ಒಂದು ಪಾಲಿನಲ್ಲಿ ನಮ್ಮ ಹಳೆಯ ಸಂಚಿಕೆಗಳನ್ನೆಲ್ಲ ಯುನಿಕೋಡಿಗೆ ತರಬಹುದು. ಹೊರನಾಡ ಸಂಘಗಳಿಗೆ ಅನುದಾನ ಕೊಡುವ ಕರ್ನಾಟಕದ ಇಲಾಖೆಗಳು, ಆ ಹಣದಲ್ಲಿ ಅಚ್ಚಾಗುವ ಪ್ರತಿ ಪುಟದ ಪಠ್ಯವೂ ಯುನಿಕೋಡಿನಲ್ಲಿರಬೇಕೆಂಬ ಒಂದೇ ಒಂದು ಷರತ್ತನ್ನು ಹಾಕಲಿ. ಅಕ್ಕಲಕೋಟೆ, ಜತ್ತ, ಕಾಸರಗೋಡುಗಳ ಲೇಖಕರು ಹಳೆಯ ಸಂಕೇತದಲ್ಲಿ ಕಳುಹಿಸಿದ ಹಸ್ತಪ್ರತಿಯನ್ನು ಇಲ್ಲಿಯವರು ಮತ್ತೊಮ್ಮೆ ಬೆರಳಚ್ಚಿಸಿ, ಹೊಸ ತಪ್ಪುಗಳನ್ನು ಸೇರಿಸುವ ವ್ಯರ್ಥ ದುಡಿಮೆ ಅಂದೇ ನಿಲ್ಲುತ್ತದೆ.

ಮುಂದಿನ ಸಭೆಗೆ ನಾನು ಲಿಖಿತ ಪ್ರತಿಸೂಚನೆಯನ್ನು ಕೊಟ್ಟಿದ್ದೇನೆ. ಈ ಪತ್ರಿಕೆಗೆ ಬರುವ ಬರಹವನ್ನು ಯುನಿಕೋಡಿನಲ್ಲಿ ಮಾತ್ರ ಸ್ವೀಕರಿಸುವುದು (ಕೈಬರಹದವರಿಗೆ ಮೊದಲಿನಂತೆಯೇ ಸ್ವಾಗತ, ಬೆರಳಚ್ಚಿಸಿಕೊಡುವ ಹೊಣೆ ನಮ್ಮದು), ಅಚ್ಚಿನ ಕೆಲಸ ಒಪ್ಪಿಸುವಾಗ ಸಂಘದ ಒಬ್ಬರು ಡಿಸೈನರನ ಬಳಿ ಹೋಗಿ, ಎಲ್ಲ ಬಳಕೆದಾರರಿಗೂ ಫಾಂಟು ಹಾಕಿಸಿ, ಜೋಡಣೆಗಾರನನ್ನು ಬದಲಿಸಿ, ಒಂದು ಪುಟದ ಮಾದರಿ ನೋಡಿಕೊಂಡು ಬರುವುದು, ಸಂಚಿಕೆ ಮುಗಿದ ಮೇಲೆ ಪಿಡಿಎಫಿನ ಜೊತೆಗೆ ಬರಿಯ ಪಠ್ಯದ ಪ್ರತಿಯನ್ನೂ ಪಡೆದು ಇಡುವುದು. ಇದರ ಪರವಾಗಿ ಕೈ ಎತ್ತಲು ಸದಸ್ಯರು ದಯಮಾಡಿ ಸಭೆಗೆ ಬರಬೇಕು. ಕಳೆದ ಸಲ ಗಣಪೂರ್ತಿಯಾದದ್ದೇ ಊಟದ ಹೊತ್ತಿಗೆ.

ಇನ್ನೊಂದು ವಿನಂತಿ. ಹಿರಿಯರ ಲೇಖನಮಾಲೆ ಅಚ್ಚಾದ ಸಂಚಿಕೆಗಳ ಪೈಕಿ ಸಿಗದೆ ಉಳಿದ ಆ ಎರಡರ ಅಚ್ಚಿನ ಪ್ರತಿ ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ, ಅಟ್ಟದ ಮೇಲೆಯೋ ಹಳೆಯ ಟ್ರಂಕಿನಲ್ಲಿಯೋ ಇದ್ದರೆ, ಅಥವಾ ಆ ಕಾಲದಲ್ಲಿ ಅಕ್ಷರ ಜೋಡಿಸಿದವರ ಬಳಿ ಫ್ಲಾಪಿಗಳಿದ್ದರೆ, ಸಂಘದ ವಿಳಾಸಕ್ಕೆ ಕಳುಹಿಸಬೇಕು. ನೋಡಿ ಹಿಂದಿರುಗಿಸುತ್ತೇವೆ. ಒಂದು ಕಂತಿನಲ್ಲಿ ದಾಪೋಡಿಯ ಕಾರಖಾನೆಗೆ ನಡೆದುಹೋಗುತ್ತಿದ್ದ ಹೆಣ್ಣುಮಗಳೊಬ್ಬಳ ಊರಿನ ಹೆಸರಿದೆ. ನಮ್ಮ ಹುಡುಗರು ಅದನ್ನು ‘ಮುದ್ದೇ’ ಎಂಬಲ್ಲಿಯವರೆಗೆ ಬಿಡಿಸಿದ್ದಾರೆ, ಮುಂದಿನದು ‘ಬಿಹಾಳ’ವೋ ಬೇರೆಯೋ ಗೊತ್ತಾಗಿಲ್ಲ. ಪುಸ್ತಕ ಅಚ್ಚಿಗೆ ಹೋಗುವುದರೊಳಗೆ ಆ ಹೆಸರು ಬೇಕಾಗಿದೆ.